ಇಳುವರಿಯ ಲೆಕ್ಕ, ರಕ್ತದ ಲೆಕ್ಕ

ಬ್ಯಾಕ್ಟೀರಿಯಾಗಳಿಂದ ಕ್ಯಾನ್ಸರ್ ಔಷಧ ತಯಾರಿಸುವ ಉದ್ಯಮದಲ್ಲಿ ದಕ್ಷತೆಯನ್ನು ಅಳೆಯುವ ರೂಢಿಯ ಮಾನದಂಡವೆಂದರೆ ಇಳುವರಿ. ಒಂದು ಲೀಟರ್ ಹುದುಗುದ್ರವದಲ್ಲಿ ಎಷ್ಟು ಔಷಧ ದೊರೆಯಿತು ಎಂಬ ಲೆಕ್ಕ. ವಂಶವಾಹಿಗಳನ್ನು ತಿದ್ದಿ, ಸೇರಿಸಿ, ತೆಗೆದುಹಾಕಿ ಬ್ಯಾಕ್ಟೀರಿಯಾದ ಒಳಗಿನ ರಾಸಾಯನಿಕ ವ್ಯವಹಾರವನ್ನು ಮನುಷ್ಯನ ಅಗತ್ಯಕ್ಕೆ ಒಗ್ಗಿಸುವ ವಿದ್ಯೆ ಬೆಳೆದಂತೆಲ್ಲ ಈ ಲೆಕ್ಕದ ಅಂಕಿ ಏರುತ್ತ ಬಂದಿದೆ ಮತ್ತು ಆ ಏರಿಕೆಯನ್ನೇ ಪ್ರಗತಿಯೆಂದು ಎಣಿಸುವ ಅಭ್ಯಾಸವೂ ಬಲಿತಿದೆ. ಆದರೆ ಕ್ಯಾನ್ಸರ್ ಔಷಧಗಳ ಒಂದು ಮುಖ್ಯ ವರ್ಗಕ್ಕೆ, ಅದರಲ್ಲೂ ಮಕ್ಕಳ ರಕ್ತಕ್ಯಾನ್ಸರಿನ ಚಿಕಿತ್ಸೆಯಲ್ಲಿ ಅನಿವಾರ್ಯವಾದ ಆಸ್ಪರಾಜಿನೇಸ್ ಎಂಬ ಕಿಣ್ವಕ್ಕೆ, ಈ ಮಾನದಂಡ ಸಾಲದು. ಔಷಧ ತೊಟ್ಟಿಯಲ್ಲಿ ಎಷ್ಟಿತ್ತು ಎಂಬುದಕ್ಕಿಂತ ರೋಗಿಯ ರಕ್ತದಲ್ಲಿ ಎಷ್ಟು ದಿನ ಕ್ರಿಯಾಶೀಲವಾಗಿ ಉಳಿಯಿತು ಎಂಬುದೇ ಅಲ್ಲಿ ದಕ್ಷತೆಯ ನಿಜವಾದ ಅಳತೆ. ಖಾರ್ಘರ್‌ನ ಕ್ಯಾನ್ಸರ್ ಸಂಶೋಧನಾ ಕೇಂದ್ರ, ರಬಾಳೆಯ ಜೈವಿಕ ಔಷಧ ಕಾರ್ಖಾನೆಗಳು, ಡೊಂಬಿವಲಿ ಮತ್ತು ಕಲ್ಯಾಣದ ಕಡೆಯ ರಾಸಾಯನಿಕ ಉದ್ಯಮದ ದೀರ್ಘ ಅನುಭವ, ಇವೆಲ್ಲವನ್ನೂ ಒಂದೇ ಲೋಕಲ್ ರೈಲುಜಾಲದ ಅಳವಿನಲ್ಲಿ ಹೊಂದಿರುವ ಥಾಣೆ–ನವಿ ಮುಂಬಯಿ ಪ್ರದೇಶವು ಈ ಎರಡನೆಯ ಅಳತೆಯನ್ನು ದೇಶದಲ್ಲಿ ನೆಲೆಗೊಳಿಸಬಲ್ಲ ಸ್ಥಾನದಲ್ಲಿದೆ ಮತ್ತು ಸಾರ್ವಜನಿಕ ಹಣವೂ ನಿಯಮಗಳೂ ಆ ಕಡೆಗೆ ತಿರುಗಬೇಕು ಎಂಬುದು ಇಲ್ಲಿ ಮಂಡಿಸುತ್ತಿರುವ ವಾದ.

ಸೂಕ್ಷ್ಮಜೀವಿಗಳಿಂದ ಕ್ಯಾನ್ಸರ್ ಔಷಧ ಪಡೆಯುವ ಪರಿಪಾಠ ಹೊಸದಲ್ಲ. ಮಣ್ಣಿನಲ್ಲಿ ಬದುಕುವ ಸ್ಟ್ರೆಪ್ಟೊಮೈಸಿಸ್ ಕುಲದ ಬ್ಯಾಕ್ಟೀರಿಯಾಗಳು ನೆರೆಯ ಜೀವಿಗಳ ಬೆಳವಣಿಗೆಯನ್ನು ತಡೆಯಬಲ್ಲ ಹಲವು ಸಂಯುಕ್ತಗಳನ್ನು ಸ್ರವಿಸುತ್ತವೆ. ಅವುಗಳಲ್ಲಿ ಕೆಲವು ಡಿಎನ್‌ಎಗೆ ಅಂಟಿಕೊಂಡು ಕೋಶವಿಭಜನೆಯನ್ನೇ ನಿಲ್ಲಿಸುವುದರಿಂದ, ವೇಗವಾಗಿ ವಿಭಜನೆಗೊಳ್ಳುವ ಕ್ಯಾನ್ಸರ್ ಕೋಶಗಳಿಗೂ ಮಾರಕವಾಗುತ್ತವೆ. 1940ರಲ್ಲಿ ಸೆಲ್ಮನ್ ವ್ಯಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ದೊರೆತ ಆಕ್ಟಿನೊಮೈಸಿನ್, ಜಪಾನಿನಲ್ಲಿ ಕಂಡುಬಂದ ಮೈಟೊಮೈಸಿನ್, ಹಮಾವೊ ಉಮೆಜಾವಾ ಬೆಳಕಿಗೆ ತಂದ ಬ್ಲಿಯೊಮೈಸಿನ್, ಇವೆಲ್ಲವೂ ಈ ಕುಲದ ಕೊಡುಗೆಗಳೇ. ಇವುಗಳ ಜೊತೆಗೆ ಎರಡನೆಯ ಒಂದು ವರ್ಗವಿದೆ. ಅಲ್ಲಿ ಔಷಧವೆಂದರೆ ಸಣ್ಣ ಅಣುವಲ್ಲ, ನೂರಾರು ಅಮೈನೋ ಆಮ್ಲಗಳು ಸರಪಳಿಯಾಗಿ ಹೆಣೆದುಕೊಂಡು ನಿರ್ದಿಷ್ಟ ಆಕಾರಕ್ಕೆ ಮಡಿಚಿಕೊಂಡ ಇಡೀ ಪ್ರೋಟೀನ್. ಈ ಎರಡು ವರ್ಗಗಳ ನಡುವಿನ ವ್ಯತ್ಯಾಸವನ್ನು ಬಿಡಿಸಿ ನೋಡದೆ ಬ್ಯಾಕ್ಟೀರಿಯಾಗಳ ತಿದ್ದುಪಡಿಯ ಬಗ್ಗೆ ಸರಿಯಾದ ನಿರ್ಣಯಕ್ಕೆ ಬರುವುದು ಕಷ್ಟ.

ಮೊದಲ ವರ್ಗಕ್ಕೆ ಡಾಕ್ಸೊರುಬಿಸಿನ್ ಒಳ್ಳೆಯ ಉದಾಹರಣೆ. ದಕ್ಷಿಣ ಇಟಲಿಯ ಕಾಸ್ಟೆಲ್ ಡೆಲ್ ಮೊಂಟೆ ಎಂಬ ಹಳೆಯ ಕೋಟೆಯ ಸಮೀಪದ ಮಣ್ಣಿನಿಂದ ಬೇರ್ಪಡಿಸಿದ ಸ್ಟ್ರೆಪ್ಟೊಮೈಸಿಸ್ ಪ್ಯೂಸೆಟಿಯಸ್ ಎಂಬ ಬ್ಯಾಕ್ಟೀರಿಯಾ ಕೆಂಪು ಬಣ್ಣದ ಡೌನೊರುಬಿಸಿನ್ ಅನ್ನು ಉತ್ಪಾದಿಸುತ್ತಿತ್ತು. ಆ ಬ್ಯಾಕ್ಟೀರಿಯಾವನ್ನು ರಾಸಾಯನಿಕಕ್ಕೆ ಒಡ್ಡಿ ರೂಪಾಂತರಗೊಳಿಸಿದ ತಳಿಯೊಂದರಲ್ಲಿ, ಕೇವಲ ಒಂದು ಹೈಡ್ರಾಕ್ಸಿಲ್ ಗುಂಪು ಹೆಚ್ಚಿರುವ ಡಾಕ್ಸೊರುಬಿಸಿನ್ ಇರುವುದನ್ನು ಫೆಡೆರಿಕೊ ಅರ್ಕಮೋನೆ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದರು. ಸ್ತನ ಕ್ಯಾನ್ಸರ್, ಲಿಂಫೋಮಾ, ಮೂಳೆಯ ಗಂಟುಗಳು ಹೀಗೆ ಹಲವು ಬಗೆಯ ರೋಗಗಳಿಗೆ ಇಂದಿಗೂ ಬಳಕೆಯಲ್ಲಿರುವ ಈ ಔಷಧವು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಆದರೆ ಆ ಒಂದೇ ಒಂದು ಹೈಡ್ರಾಕ್ಸಿಲ್ ಗುಂಪನ್ನು ಸೇರಿಸುವ ಕೊನೆಯ ಹಂತದಲ್ಲಿ ಬ್ಯಾಕ್ಟೀರಿಯಾ ಬಹಳ ನಿಧಾನಿ. ಆ ಹಂತದ ಕಿಣ್ವಕ್ಕೆ ಇಲೆಕ್ಟ್ರಾನುಗಳನ್ನು ಒದಗಿಸುವ ತಕ್ಕ ಸಹಾಯಕ ಪ್ರೋಟೀನುಗಳು ಸಿಗದಿದ್ದರೆ, ಒರಳಿದ್ದೂ ಒನಕೆಯಿಲ್ಲದ ಮನೆಯಂತೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ಉದ್ಯಮವು ಬಹುಕಾಲದಿಂದ ಡೌನೊರುಬಿಸಿನ್ ಅನ್ನು ಹುದುಗಿಸಿ ತೆಗೆದು, ಬ್ರೋಮಿನ್ ಮತ್ತು ದ್ರಾವಕಗಳ ನೆರವಿನಿಂದ ರಾಸಾಯನಿಕವಾಗಿ ಡಾಕ್ಸೊರುಬಿಸಿನ್ ಆಗಿ ಪರಿವರ್ತಿಸುವ ದಾರಿಯನ್ನು ಹಿಡಿದಿದೆ. ಫಿನ್‌ಲ್ಯಾಂಡಿನ ತುರ್ಕು ವಿಶ್ವವಿದ್ಯಾಲಯದ ಸಂಶೋಧಕರು ಇತ್ತೀಚಿನ ವರ್ಷಗಳಲ್ಲಿ ಈ ಕಿಣ್ವಕ್ಕೆ ಹೊಂದುವ ಸಹಾಯಕ ಪ್ರೋಟೀನುಗಳನ್ನು ಗುರುತಿಸಿ, ಅವುಗಳ ವಂಶವಾಹಿಗಳನ್ನು ಬಲಪಡಿಸಿ, ಬ್ಯಾಕ್ಟೀರಿಯಾವೇ ಕೊನೆಯ ಹಂತವನ್ನೂ ಹೆಚ್ಚು ಸಮರ್ಥವಾಗಿ ಮುಗಿಸುವಂತೆ ಮಾಡಿದ್ದಾರೆ. ಇಲ್ಲಿ ಇಳುವರಿಯ ಲೆಕ್ಕ ನ್ಯಾಯವಾದದ್ದೇ, ಏಕೆಂದರೆ ಶುದ್ಧಗೊಳಿಸಿದ ಡಾಕ್ಸೊರುಬಿಸಿನ್‌ನ ಒಂದು ಅಣು ಎಲ್ಲಿ ಹುಟ್ಟಿದರೂ ಇನ್ನೊಂದಕ್ಕಿಂತ ಭಿನ್ನವಲ್ಲ.

ಆಸ್ಪರಾಜಿನೇಸ್‌ನ ಕಥೆ ಬೇರೆ. 1953ರಲ್ಲಿ ಅಮೆರಿಕದ ಜಾನ್ ಕಿಡ್ ಅವರು ಗಿನಿಯಿಲಿಯ ರಕ್ತಸಾರವು ಇಲಿಗಳಲ್ಲಿನ ಲಿಂಫೋಮಾ ಗಂಟುಗಳನ್ನು ಕರಗಿಸುವುದನ್ನು ಗಮನಿಸಿದರು. 1961ರಲ್ಲಿ ಜಾನ್ ಬ್ರೂಮ್ ಅವರು ಆ ಗುಣಕ್ಕೆ ರಕ್ತಸಾರದಲ್ಲಿರುವ ಆಸ್ಪರಾಜಿನೇಸ್ ಎಂಬ ಕಿಣ್ವವೇ ಕಾರಣವೆಂದು ತೋರಿಸಿದರು. ಗಿನಿಯಿಲಿಗಳಿಂದ ಆಸ್ಪತ್ರೆಗೆ ಸಾಲುವಷ್ಟು ಔಷಧ ಪಡೆಯುವುದು ಅಸಾಧ್ಯವಾಗಿದ್ದ ಹೊತ್ತಿನಲ್ಲಿ, 1964ರಲ್ಲಿ ಮ್ಯಾಶ್‌ಬರ್ನ್ ಮತ್ತು ರಿಸ್ಟನ್ ಅವರು ಮನುಷ್ಯನ ಕರುಳಿನಲ್ಲೂ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾದ ಕಿಣ್ವಕ್ಕೂ ಅದೇ ಗುಣವಿದೆಯೆಂದು ಸಾಬೀತುಪಡಿಸಿದ್ದು ಇಡೀ ಚಿಕಿತ್ಸೆಯ ದಿಕ್ಕನ್ನು ಬದಲಿಸಿತು. ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ, ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣಿಸುವ ಕ್ಯಾನ್ಸರಿನಲ್ಲಿ, ರೋಗಗ್ರಸ್ತ ಬಿಳಿ ರಕ್ತಕೋಶಗಳು ಆಸ್ಪರಾಜಿನ್ ಎಂಬ ಅಮೈನೋ ಆಮ್ಲವನ್ನು ಬೇಕಾದಷ್ಟು ತಾವೇ ತಯಾರಿಸಿಕೊಳ್ಳಲಾರವು ಮತ್ತು ಅದಕ್ಕಾಗಿ ರಕ್ತವನ್ನೇ ನೆಚ್ಚಿಕೊಂಡಿರುತ್ತವೆ. ರಕ್ತಕ್ಕೆ ಸೇರಿದ ಆಸ್ಪರಾಜಿನೇಸ್ ಆ ಅಮೈನೋ ಆಮ್ಲವನ್ನು ಆಸ್ಪಾರ್ಟಿಕ್ ಆಮ್ಲ ಮತ್ತು ಅಮೋನಿಯಾ ಆಗಿ ಒಡೆದುಬಿಡುತ್ತದೆ. ತಮಗೆ ಬೇಕಾದುದನ್ನು ತಾವೇ ತಯಾರಿಸಿಕೊಳ್ಳುವ ಆರೋಗ್ಯವಂತ ಕೋಶಗಳು ಬದುಕುತ್ತವೆ, ಕ್ಯಾನ್ಸರ್ ಕೋಶಗಳು ಹಸಿದು ಸಾಯುತ್ತವೆ. ಇತರ ಔಷಧಗಳ ಜೊತೆ ಇದನ್ನು ಸರಿಯಾಗಿ ಬಳಸುವ ಶ್ರೀಮಂತ ದೇಶಗಳಲ್ಲಿ ಈ ರೋಗಕ್ಕೆ ತುತ್ತಾದ ಹತ್ತು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂಬತ್ತು ಮಕ್ಕಳು ಇಂದು ಬದುಕುಳಿಯುತ್ತಿದ್ದಾರೆ.

ಆದರೆ ಕಿಣ್ವವು ಪ್ರೋಟೀನ್ ಆಗಿರುವುದರಿಂದ, ಅದರ ಗುಣ ಅದರ ಆಕಾರದಲ್ಲಿದೆ. ಆಸ್ಪರಾಜಿನೇಸ್‌ನಲ್ಲಿ ನಾಲ್ಕು ಸಮಾನ ತುಣುಕುಗಳು ಒಂದಕ್ಕೊಂದು ಸೇರಿಕೊಂಡಾಗಲಷ್ಟೇ ಕೆಲಸ ನಡೆಯುತ್ತದೆ. ಹೆಚ್ಚು ಇಳುವರಿಗಾಗಿ ಇ. ಕೋಲಿಯ ಮೇಲೆ ಅತಿಯಾದ ಹೊರೆ ಹೇರಿದರೆ, ಪ್ರೋಟೀನ್ ಸರಿಯಾಗಿ ಮಡಿಚಿಕೊಳ್ಳಲು ಸಮಯ ಸಾಲದೆ ಕೋಶದ ಒಳಗೆ ಗಟ್ಟಿ ಮುದ್ದೆಗಳಾಗಿ ಶೇಖರವಾಗುವುದು ಈ ಕ್ಷೇತ್ರದಲ್ಲಿ ಎಲ್ಲರೂ ಬಲ್ಲ ಸಂಗತಿ; ತೂಕದ ಲೆಕ್ಕದಲ್ಲಿ ಅದು ಸಮೃದ್ಧಿ, ಕ್ರಿಯೆಯ ಲೆಕ್ಕದಲ್ಲಿ ಶೂನ್ಯ. ಶುದ್ಧೀಕರಣ ಅರೆಬರೆಯಾದರೆ ಬ್ಯಾಕ್ಟೀರಿಯಾದ ಇತರ ಪ್ರೋಟೀನುಗಳೂ ಔಷಧದೊಂದಿಗೆ ಉಳಿದು, ರೋಗಿಯ ದೇಹವನ್ನು ಅನವಶ್ಯಕವಾಗಿ ಕೆರಳಿಸಬಹುದು. ಅಷ್ಟೇ ಅಲ್ಲದೆ, ಶುದ್ಧ ಕಿಣ್ವವೂ ಮನುಷ್ಯದೇಹಕ್ಕೆ ಪರಕೀಯವೇ ಆದ್ದರಿಂದ ರೋಗನಿರೋಧಕ ವ್ಯವಸ್ಥೆ ಅದರ ವಿರುದ್ಧ ಪ್ರತಿಕಾಯಗಳನ್ನು ಹುಟ್ಟಿಸುತ್ತದೆ. ಕೆಲವರಲ್ಲಿ ಅದು ಅಲರ್ಜಿಯಾಗಿ ಹೊರಗೆ ಕಾಣಿಸುತ್ತದೆ. ಇನ್ನು ಕೆಲವರಲ್ಲಿ ಯಾವ ಲಕ್ಷಣವೂ ಇಲ್ಲದೆ ಪ್ರತಿಕಾಯಗಳು ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತವೆ. ಎರಡನೆಯದು ಹೆಚ್ಚು ಅಪಾಯಕರ, ಏಕೆಂದರೆ ಮಗುವಿಗೆ ಚುಚ್ಚುಮದ್ದು ಕ್ರಮವಾಗಿ ದೊರೆಯುತ್ತಿದ್ದರೂ ಚಿಕಿತ್ಸೆ ದೊರೆಯುತ್ತಿರುವುದಿಲ್ಲ. ರಕ್ತದಲ್ಲಿ ಕಿಣ್ವದ ಕ್ರಿಯೆ ಪ್ರತಿ ಮಿಲಿಲೀಟರಿಗೆ 0.1 ಅಂತರರಾಷ್ಟ್ರೀಯ ಘಟಕಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕೆಂಬುದು ವೈದ್ಯಕೀಯದಲ್ಲಿ ಸಾಮಾನ್ಯವಾಗಿ ಒಪ್ಪಿರುವ ಗುರಿ. ಅದನ್ನು ತಿಳಿಯಲು ರಕ್ತಪರೀಕ್ಷೆಯ ಹೊರತು ಬೇರೆ ದಾರಿಯಿಲ್ಲ.

ಈ ಹಿನ್ನೆಲೆಯಲ್ಲಿ ಭಾರತದಲ್ಲೇ ನಡೆದ ಒಂದು ಪ್ರಯತ್ನ ವಿಶೇಷ ಗಮನಕ್ಕೆ ಅರ್ಹವಾಗಿದೆ. ಭುವನೇಶ್ವರದ ಕೆಐಐಟಿ ವಿಶ್ವವಿದ್ಯಾಲಯದಲ್ಲಿದ್ದಾಗ ಅವಿನಾಶ್ ಸೋನಾವಣೆ ಮತ್ತು ಸಂಗಡಿಗರು, ಜರ್ಮನಿಯ ಮಾರ್ಬುರ್ಗ್‌ನ ಸಹೋದ್ಯೋಗಿಯೊಡನೆ, ಇ. ಕೋಲಿಯ ಆಸ್ಪರಾಜಿನೇಸ್‌ನ ವಂಶವಾಹಿಯಲ್ಲಿ ಆಯ್ದ ಸ್ಥಾನಗಳನ್ನಷ್ಟೇ ಬದಲಿಸಿ ಹಲವು ರೂಪಗಳನ್ನು ರಚಿಸಿದರು. ನಾಲ್ಕು ತುಣುಕುಗಳು ಒಂದನ್ನೊಂದು ಮುಟ್ಟುವ ಸಂದುಗಳಲ್ಲಿ ಮತ್ತು ಪ್ರತಿಕಾಯಗಳು ಗುರುತಿಸುವ ಮೇಲ್ಮೈ ಭಾಗಗಳಲ್ಲಿ ಮಾಡಿದ ಬದಲಾವಣೆಗಳಿಂದ ಕಿಣ್ವದ ಸ್ಥಿರತೆ ಹೆಚ್ಚುತ್ತದೆ ಮತ್ತು ಇಲಿಗಳಲ್ಲಿ ರೋಗನಿರೋಧಕ ಪ್ರತಿಕ್ರಿಯೆ ತಗ್ಗುತ್ತದೆ ಎಂದು ಅವರು 2014ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ತೋರಿಸಿದರು. ಅವರ ಕೆಲಸ ಇಂದೋರಿನ ಐಐಟಿಯಲ್ಲಿ ಮುಂದುವರಿದು, ಎಪಿಜೆನ್ ಬಯೋಟೆಕ್ ಎಂಬ ಕಂಪನಿಯ ಸಹಭಾಗಿತ್ವದಲ್ಲಿ ಎಂ–ಆಸ್ಪರಾಜಿನೇಸ್ ಎಂಬ ಔಷಧರೂಪ ತಳೆಯಿತು. ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆಗೆ ಅನುಮತಿ ದೊರೆತು, ಅದು ಖಾರ್ಘರ್‌ನ ಟಾಟಾ ಮೆಮೋರಿಯಲ್ ಕೇಂದ್ರದಲ್ಲಿ ನಡೆಯಲಿದೆಯೆಂದು 2021ರ ಆರಂಭದಲ್ಲಿ ಘೋಷಣೆಯಾಯಿತು. ಬ್ಯಾಕ್ಟೀರಿಯಾದ ವಂಶವಾಹಿಯಲ್ಲಿ ಮಾಡಿದ ಈ ತಿದ್ದುಪಡಿಯ ಗುರಿ ತೊಟ್ಟಿಯನ್ನು ತುಂಬಿಸುವುದಕ್ಕಿಂತ ಹೆಚ್ಚಾಗಿ ಅಣುವನ್ನೇ ಉತ್ತಮಪಡಿಸುವುದಾಗಿತ್ತು. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ನೀಡಿದ ಇನ್ನೊಂದು ಆಸ್ಪರಾಜಿನೇಸ್‌ನ ಹಿನ್ನೆಲೆಯೂ ಬೋಧಪ್ರದವಾಗಿದೆ. ಇ. ಕೋಲಿಯ ಕಿಣ್ವಕ್ಕೆ ಅಲರ್ಜಿ ತೋರುವ ಮಕ್ಕಳಿಗೆ ಎರ್ವೀನಿಯಾ ಎಂಬ ಬ್ಯಾಕ್ಟೀರಿಯಾದ ಕಿಣ್ವವೇ ಗತಿಯಾಗಿತ್ತು. ಅದರ ಪೂರೈಕೆ ಆ ಒಪ್ಪಿಗೆಗೆ ಹಿಂದಿನ ಹಲವು ವರ್ಷಗಳಲ್ಲಿ ಮತ್ತೆ ಮತ್ತೆ ಕುಸಿದಾಗ, ಅದೇ ಕಿಣ್ವದ ವಂಶವಾಹಿಯನ್ನು ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಎಂಬ ಬೇರೊಂದು ಬ್ಯಾಕ್ಟೀರಿಯಾದಲ್ಲಿ ಕೂರಿಸಿ ಹೊಸ ಮೂಲವನ್ನು ಸೃಷ್ಟಿಸಲಾಯಿತು. ಇಳುವರಿಯೂ ಗುಣವೂ ಒಟ್ಟಿಗೆ ಸಾಗಬಲ್ಲವು ಎಂಬುದಕ್ಕೆ ಇದು ಸಾಕ್ಷಿ.

ಎಂ–ಆಸ್ಪರಾಜಿನೇಸ್‌ನ ಪರೀಕ್ಷೆಗೆ ಆಯ್ಕೆಯಾದ ಖಾರ್ಘರ್‌ನ ಕೇಂದ್ರಕ್ಕೆ ದೀರ್ಘ ಪರಂಪರೆಯಿದೆ. 1941ರಲ್ಲಿ ಮುಂಬಯಿಯ ಪರೇಲಿನಲ್ಲಿ ಆರಂಭವಾದ ಟಾಟಾ ಮೆಮೋರಿಯಲ್ ಆಸ್ಪತ್ರೆಯೂ, ಡಾ. ವಿ. ಆರ್. ಖಾನೋಲ್ಕರ್ ಅವರ ನೇತೃತ್ವದಲ್ಲಿ 1952ರಲ್ಲಿ ಬೆಳೆಯಲಾರಂಭಿಸಿದ ಕ್ಯಾನ್ಸರ್ ಸಂಶೋಧನಾ ಕೇಂದ್ರವೂ ಮುಂದೆ ಪರಮಾಣು ಶಕ್ತಿ ಇಲಾಖೆಯ ಆಶ್ರಯದಲ್ಲಿ ಒಂದಾದವು. ಸಂಶೋಧನೆಯ ವಿಭಾಗ ಈ ಶತಮಾನದ ಆರಂಭದಲ್ಲಿ ಖಾರ್ಘರ್‌ಗೆ ಸ್ಥಳಾಂತರಗೊಂಡು ಆ್ಯಕ್ಟ್ರೆಕ್ ಎಂಬ ಹೆಸರಿನಿಂದ ಬೆಳೆಯಿತು. ಪ್ರಯೋಗಾಲಯ, ರೋಗಿ ಮತ್ತು ಪರೀಕ್ಷೆ ಒಂದೇ ಆವರಣದಲ್ಲಿರುವ ಇಂಥ ಕೇಂದ್ರಗಳು ದೇಶದಲ್ಲಿ ವಿರಳ. ಅಲ್ಲಿಂದ ಸ್ವಲ್ಪ ದೂರದ ರಬಾಳೆಯಲ್ಲಿ ರಿಲಯನ್ಸ್ ಲೈಫ್ ಸೈನ್ಸಸ್ ಸಂಸ್ಥೆಯ ಕೇಂದ್ರವು ಜೈವಿಕ ಔಷಧಗಳನ್ನು ತಯಾರಿಸುತ್ತದೆ. ಕೀಮೋಥೆರಪಿಯಿಂದ ಕುಸಿದ ಬಿಳಿ ರಕ್ತಕಣಗಳನ್ನು ಮತ್ತೆ ಹೆಚ್ಚಿಸುವ ಫಿಲ್‌ಗ್ರಾಸ್ಟಿಮ್‌ನಂಥ ಪ್ರೋಟೀನ್ ಔಷಧಗಳು ಇ. ಕೋಲಿಯಲ್ಲೇ ಬೆಳೆಯುವಂಥವು. ಐಐಟಿ ಬಾಂಬೆಯ ಪ್ರಯೋಗಾಲಯದಲ್ಲಿ ರೂಪುಗೊಂಡು, ಟಾಟಾ ಮೆಮೋರಿಯಲ್‌ನ ವೈದ್ಯರಿಂದ ಪರೀಕ್ಷೆಗೊಳಗಾಗಿ, 2023ರ ಅಕ್ಟೋಬರ್‌ನಲ್ಲಿ ಅನುಮೋದನೆ ಪಡೆದ ನೆಕ್ಸ್‌ಕಾರ್19 ಎಂಬ ಕೋಶಚಿಕಿತ್ಸೆಯು ಬ್ಯಾಕ್ಟೀರಿಯಾದ ಉತ್ಪನ್ನವಲ್ಲದಿದ್ದರೂ, ಥಾಣೆ ಖಾಡಿಯ ಎರಡೂ ದಡಗಳ ಸಂಸ್ಥೆಗಳು ಕೈಜೋಡಿಸಿದರೆ ಪ್ರಯೋಗಾಲಯದ ಕಲ್ಪನೆ ರೋಗಿಯ ಹಾಸಿಗೆಯವರೆಗೆ ತಲುಪಬಲ್ಲುದೆಂಬುದನ್ನು ನಿಸ್ಸಂದೇಹವಾಗಿ ತೋರಿಸಿಕೊಟ್ಟಿದೆ.

ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ ಬೆಲೆಯದು. ಇಳುವರಿ ಹೆಚ್ಚಿದರೆ ಔಷಧ ಅಗ್ಗವಾಗುತ್ತದೆ, ಬಡವರ ದೇಶಕ್ಕೆ ಅಗ್ಗದ ಔಷಧವೇ ಮೊದಲ ಅಗತ್ಯ ಎಂಬ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ರೋಗಿ ತೆರುವ ಬೆಲೆಯನ್ನು ಇಳುವರಿಯೊಂದೇ ನಿರ್ಧರಿಸುವುದಿಲ್ಲ. ಟಾಟಾ ಮೆಮೋರಿಯಲ್ ಕೇಂದ್ರದ ನೇತೃತ್ವದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್, ತನ್ನ ಸದಸ್ಯ ಆಸ್ಪತ್ರೆಗಳಲ್ಲಿ ಕೆಲವನ್ನು ಒಗ್ಗೂಡಿಸಿ 40 ಔಷಧಗಳಿಗೆ ಸಾಮೂಹಿಕವಾಗಿ ದರ ಕುದುರಿಸಿದಾಗ, ಉಳಿತಾಯ ಶೇ. 82ರ ಆಸುಪಾಸಿನಲ್ಲಿತ್ತು. ಆ ಉಳಿತಾಯಕ್ಕಾಗಿ ಯಾವ ಬ್ಯಾಕ್ಟೀರಿಯಾದ ವಂಶವಾಹಿಯನ್ನೂ ತಿದ್ದಬೇಕಾಗಲಿಲ್ಲ. ಖರೀದಿಯ ಕ್ರಮವನ್ನು ತಿದ್ದಿದ್ದೇ ಸಾಕಾಯಿತು. ಇನ್ನೊಂದೆಡೆ, ಬೆಲೆಯೊಂದನ್ನೇ ನೋಡಿ ಕೊಂಡರೆ ಏನಾಗಬಹುದೆಂಬುದಕ್ಕೆ ಬ್ರೆಜಿಲ್ ಎಚ್ಚರಿಕೆ ನೀಡುತ್ತದೆ. ಅಲ್ಲಿನ ಸರಕಾರ 2017ರಲ್ಲಿ ಆಮದು ಮಾಡಿಕೊಂಡ ಅಗ್ಗದ ಆಸ್ಪರಾಜಿನೇಸ್‌ನ ಬಗ್ಗೆ ಮಕ್ಕಳ ಕ್ಯಾನ್ಸರ್ ತಜ್ಞರು ತೀವ್ರ ಆತಂಕ ವ್ಯಕ್ತಪಡಿಸಿದರು. ಬಳಿಕ ನಡೆದ ವಿಶ್ಲೇಷಣೆಯಲ್ಲಿ ಅದರೊಳಗೆ ಬ್ಯಾಕ್ಟೀರಿಯಾದ ಇತರ ಪ್ರೋಟೀನುಗಳ ಕಲಬೆರಕೆ ಪತ್ತೆಯಾಯಿತು. ಅರ್ಧ ಬೆಲೆಗೆ ದೊರೆತ ಔಷಧ ರಕ್ತದಲ್ಲಿ ಅರ್ಧದಷ್ಟೂ ಕೆಲಸ ಮಾಡದಿದ್ದರೆ ಅದು ಅಗ್ಗವಲ್ಲ. ಮರುಕಳಿಸಿದ ರೋಗದ ಚಿಕಿತ್ಸೆಯ ವೆಚ್ಚವನ್ನೂ, ಕಳೆದುಹೋದ ಜೀವವನ್ನೂ ಅದರ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕಾಗುತ್ತದೆ.

ಎರಡನೆಯ ಆಕ್ಷೇಪ ಪರಿಸರದ್ದು ಮತ್ತು ಅದನ್ನು ಎತ್ತುವ ಹಕ್ಕು ಈ ಪ್ರದೇಶದ ಜನರಿಗೆ ಬೇರೆ ಯಾರಿಗಿಂತಲೂ ಹೆಚ್ಚಾಗಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ತೀವ್ರ ಮಾಲಿನ್ಯದ ಕೈಗಾರಿಕಾ ಪ್ರದೇಶಗಳನ್ನು ಪಟ್ಟಿ ಮಾಡಿದಾಗ ಡೊಂಬಿವಲಿ ಮತ್ತು ನವಿ ಮುಂಬಯಿ ಎರಡೂ ಅದರಲ್ಲಿದ್ದವು. ಡೊಂಬಿವಲಿಯ ಕೈಗಾರಿಕಾ ವಸಾಹತಿನಲ್ಲಿ 2016ರ ಮೇ 26ರಂದು ಮತ್ತು 2024ರ ಮೇ 23ರಂದು ರಾಸಾಯನಿಕ ಕಾರ್ಖಾನೆಗಳಲ್ಲಿ ಸಂಭವಿಸಿದ ಸ್ಫೋಟಗಳು ಹಲವು ಕಾರ್ಮಿಕರನ್ನು ಬಲಿ ತೆಗೆದುಕೊಂಡು, ಸುತ್ತಲಿನ ವಸತಿಗಳ ಕಿಟಕಿಗಾಜುಗಳನ್ನು ಒಡೆದು, ಕಾರ್ಖಾನೆಗೂ ಮನೆಗೂ ನಡುವೆ ಇರಬೇಕಾದ ಅಂತರ ಎಷ್ಟು ಕುಗ್ಗಿದೆಯೆಂಬುದನ್ನು ಬಯಲಿಗೆಳೆದವು. ಬ್ಯಾಕ್ಟೀರಿಯಾ ಮಾಡಬಲ್ಲ ಹಂತವನ್ನು ಬ್ಯಾಕ್ಟೀರಿಯಾಕ್ಕೇ ಬಿಟ್ಟರೆ ಬ್ರೋಮಿನ್‌ನಂಥ ಅಪಾಯಕರ ವಸ್ತುಗಳೂ ಸುಡುವ ದ್ರಾವಕಗಳೂ ಕಡಿಮೆಯಾಗುವುದು ನಿಜ. ಡಾಕ್ಸೊರುಬಿಸಿನ್‌ನ ಸಂದರ್ಭದಲ್ಲಿ ಈ ಲಾಭ ಸಣ್ಣದಲ್ಲ. ಆದರೆ ಹುದುಗಿಸುವ ಕಾರ್ಖಾನೆಯೂ ತನ್ನದೇ ಕಸವನ್ನು ಹೊರಹಾಕುತ್ತದೆ: ಸಾವಯವ ಪದಾರ್ಥ ದಟ್ಟವಾಗಿ ತುಂಬಿದ ತ್ಯಾಜ್ಯನೀರು, ಕೋಶನಾಶಕ ಔಷಧದ ಉಳಿಕೆ, ತಿದ್ದಿದ ವಂಶವಾಹಿ ಹೊತ್ತ ಜೀವಿಗಳು. ಕೊನೆಯದನ್ನು ಹೊರಬಿಡುವ ಮುನ್ನ ಬಿಸಿಯಿಂದಲೋ ರಾಸಾಯನಿಕದಿಂದಲೋ ಪೂರ್ತಿ ಕೊಲ್ಲಬೇಕು. ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ರೂಪಿಸಿದ ನಿಯಮಗಳು ಇಂಥ ಜೀವಿಗಳನ್ನು ಬಳಸುವ ಸಂಸ್ಥೆಗಳಿಗೆ ಒಳಗಿನ ಜೈವಿಕ ಸುರಕ್ಷತಾ ಸಮಿತಿಯಿಂದ ಹಿಡಿದು ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಜಿಲ್ಲಾ ಮಟ್ಟದ ಸಮಿತಿಯವರೆಗೆ ಮೇಲ್ವಿಚಾರಣೆಯ ಸ್ಪಷ್ಟ ಏಣಿಯನ್ನು ಹಾಕಿಕೊಟ್ಟಿವೆ. ಥಾಣೆ ಜಿಲ್ಲೆಯಲ್ಲಿ ಆ ಸಮಿತಿ ಕ್ರಮವಾಗಿ ಸಭೆ ಸೇರಿ, ತಪಾಸಣೆಯ ವರದಿಗಳನ್ನು ಮರಾಠಿಯಲ್ಲೂ ಇಲ್ಲಿನ ನಿವಾಸಿಗಳ ಇತರ ಭಾಷೆಗಳಲ್ಲೂ ಪ್ರಕಟಿಸುವಂತಾದರೆ, ಜನರ ಭಯಕ್ಕೆ ಉತ್ತರ ಭರವಸೆಯ ಮಾತಿನಿಂದಲ್ಲದೆ ದಾಖಲೆಯಿಂದ ದೊರೆಯುತ್ತದೆ.

ಈ ಎರಡು ಆಕ್ಷೇಪಗಳನ್ನೂ ತೂಗಿ ನೋಡಿದ ಮೇಲೆ ಮಾಡಬೇಕಾದ ಕೆಲಸಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸರಕಾರಿ ಮತ್ತು ಸಾಮೂಹಿಕ ಖರೀದಿಯಲ್ಲಿ ಆಸ್ಪರಾಜಿನೇಸ್‌ನಂಥ ಪ್ರೋಟೀನ್ ಔಷಧಗಳ ದರವನ್ನು ಸೀಸೆಯ ಲೆಕ್ಕದಲ್ಲಿ ಹೋಲಿಸುವುದನ್ನು ಬಿಟ್ಟು, ರೋಗಿಯ ರಕ್ತದಲ್ಲಿ ಗುರಿ ಮುಟ್ಟಿದ ಪ್ರತಿ ದಿನಕ್ಕೆ ತಗಲುವ ವೆಚ್ಚದ ಲೆಕ್ಕದಲ್ಲಿ ಹೋಲಿಸಬೇಕು. ಮೂಲರೂಪದ ಇ. ಕೋಲಿ ಕಿಣ್ವ ರಕ್ತದಲ್ಲಿ ಸುಮಾರು ಒಂದು ದಿನಕ್ಕೆ ಅರ್ಧಕ್ಕಿಳಿದರೆ, ಪಾಲಿಇಥಿಲೀನ್ ಗ್ಲೈಕಾಲ್ ಎಂಬ ವಸ್ತುವನ್ನು ಜೋಡಿಸಿದ ರೂಪ ಅರ್ಧಕ್ಕಿಳಿಯಲು ಐದಕ್ಕೂ ಹೆಚ್ಚು ದಿನ ಹಿಡಿಯುತ್ತದೆ. ಈ ವ್ಯತ್ಯಾಸವನ್ನು ಮರೆತ ದರಪಟ್ಟಿ ದಾರಿ ತಪ್ಪಿಸುತ್ತದೆ. ಎರಡನೆಯದಾಗಿ, ಕಿಣ್ವದ ಕ್ರಿಯೆಯನ್ನು ಅಳೆಯುವ ರಕ್ತಪರೀಕ್ಷೆ ದೊಡ್ಡ ಕೇಂದ್ರಗಳ ಸೌಲಭ್ಯವಾಗಿ ಉಳಿಯದೆ, ಮಕ್ಕಳ ರಕ್ತಕ್ಯಾನ್ಸರಿಗೆ ಚಿಕಿತ್ಸೆ ನೀಡುವ ಪ್ರತಿ ಆಸ್ಪತ್ರೆಗೂ ದೊರೆಯಬೇಕು. ಕಲ್ಯಾಣದ ಅಥವಾ ಕಲಬುರಗಿಯ ಆಸ್ಪತ್ರೆ ರಕ್ತದ ಮಾದರಿಯನ್ನು ಖಾರ್ಘರ್‌ನಂಥ ಅಥವಾ ಬೆಂಗಳೂರಿನ ಕಿದ್ವಾಯಿಯಂಥ ಕೇಂದ್ರಕ್ಕೆ ಕಳುಹಿಸಿ ಕೆಲವೇ ದಿನಗಳಲ್ಲಿ ಫಲಿತಾಂಶ ಪಡೆಯುವ ವ್ಯವಸ್ಥೆ ತಾಂತ್ರಿಕವಾಗಿ ಕಷ್ಟದ್ದಲ್ಲ. ಮೂರನೆಯದಾಗಿ, ಪ್ರಯೋಗಾಲಯದ ಸಣ್ಣ ಬಾಟಲಿಗೂ ಕಾರ್ಖಾನೆಯ ದೊಡ್ಡ ತೊಟ್ಟಿಗೂ ನಡುವಿನ ಮಧ್ಯಮ ಪ್ರಮಾಣದ ಹುದುಗಿಸುವಿಕೆ ಮತ್ತು ಶುದ್ಧೀಕರಣಕ್ಕೆ ಸಾರ್ವಜನಿಕ ಸೌಲಭ್ಯ ಬೇಕು. 2014ರ ಪ್ರಬಂಧದಿಂದ 2021ರ ಪರೀಕ್ಷಾ ಘೋಷಣೆಯವರೆಗೆ ಸರಿದ ಏಳು ವರ್ಷಗಳು, ಈ ನಡುವಿನ ದಾರಿಯನ್ನು ಒಂದೊಂದು ಸಂಶೋಧನಾ ತಂಡವೂ ಹೊಸದಾಗಿ ಕಡಿದುಕೊಂಡು ಹೋಗಬೇಕಾದರೆ ಎಷ್ಟು ಕಾಲ ಹಿಡಿಯುತ್ತದೆಂಬುದನ್ನು ಸೂಚಿಸುತ್ತವೆ.

ಇಂಥ ಸೌಲಭ್ಯಕ್ಕೆ ಬೇಕಾದ ಕೈಗಳೂ ಈ ಪ್ರದೇಶದಲ್ಲೇ ಇವೆ. ಡೊಂಬಿವಲಿ, ಕಲ್ಯಾಣ, ಅಂಬರನಾಥಗಳಲ್ಲಿ ತಲೆಮಾರುಗಳಿಂದ ರಾಸಾಯನಿಕ ಕಾರ್ಖಾನೆಗಳಲ್ಲಿ ದುಡಿದವರಿಗೆ ಒತ್ತಡ, ಉಷ್ಣತೆ, ಕೊಳವೆ, ಕವಾಟಗಳ ಅನುಭವವಿದೆ. ಅವರ ಮಕ್ಕಳು ಸ್ಥಳೀಯ ಕಾಲೇಜುಗಳಲ್ಲಿ ಜೀವರಸಾಯನಶಾಸ್ತ್ರ ಓದುತ್ತಾರೆ. ಡೊಂಬಿವಲಿ ಕರ್ನಾಟಕ ಸಂಘವು ಮಂಜುನಾಥ ವಿದ್ಯಾಲಯವನ್ನು ಕಟ್ಟಿ ಬೆಳೆಸಿದ್ದು, ದುಡಿಮೆಗಾಗಿ ಊರು ಬಿಟ್ಟು ಬಂದ ಕನ್ನಡಿಗರು ಮುಂದಿನ ತಲೆಮಾರಿನ ವಿದ್ಯೆಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರು ಎಂಬುದಕ್ಕೆ ನಿದರ್ಶನ. ಅಂಥ ಶಾಲೆಗಳಿಂದ ಹೊರಬರುವ ಮಕ್ಕಳಿಗೆ ತೊಟ್ಟಿಯ ನಿರ್ವಹಣೆ, ಪ್ರೋಟೀನ್ ಶುದ್ಧೀಕರಣ ಮತ್ತು ಗುಣಪರೀಕ್ಷೆಯಲ್ಲಿ ತರಬೇತಿ ದೊರೆತರೆ, ಕಾರ್ಖಾನೆಯ ಅಪಾಯವನ್ನಷ್ಟೇ ಅನುಭವಿಸುತ್ತ ಬಂದ ಊರುಗಳಿಗೆ ಅದರ ಘನತೆಯಲ್ಲೂ ಪಾಲು ಸಿಗುತ್ತದೆ. ಕರ್ನಾಟಕಕ್ಕೂ ಇದರಲ್ಲಿ ಪಾಠವಿದೆ. ಬೆಂಗಳೂರಿನ ಬಯೋಕಾನ್, ಇ. ಕೋಲಿಯಲ್ಲಿ ತಯಾರಾಗುವ ಪೆಗ್‌ಫಿಲ್‌ಗ್ರಾಸ್ಟಿಮ್‌ನ ಸದೃಶ ರೂಪಕ್ಕೆ ತನ್ನ ವಿದೇಶಿ ಪಾಲುದಾರ ಸಂಸ್ಥೆಯೊಡನೆ 2018ರಲ್ಲಿ ಅಮೆರಿಕದ ಒಪ್ಪಿಗೆ ಪಡೆದದ್ದು, ಗುಣದ ಕಠಿಣ ಪರೀಕ್ಷೆಗೆ ಒಳಗಾಗಲು ಭಾರತೀಯ ಉದ್ಯಮ ಹಿಂಜರಿಯಬೇಕಿಲ್ಲ ಎಂಬುದನ್ನು ಸಾಬೀತುಪಡಿಸಿದೆ. ಹೊರದೇಶದ ರೋಗಿಗಾಗಿ ಪಾಲಿಸುವ ಗುಣಮಟ್ಟವನ್ನು ಸ್ವದೇಶದ ಮಗುವಿಗೂ ಕಡ್ಡಾಯಗೊಳಿಸುವುದು ಔದಾರ್ಯವಲ್ಲ, ಕರ್ತವ್ಯ.

ಬ್ಯಾಕ್ಟೀರಿಯಾದ ವಂಶವಾಹಿಯನ್ನು ತಿದ್ದುವ ವಿದ್ಯೆ ಇಂದು ಅನೇಕ ದೇಶಗಳ ಕೈಗೆಟುಕಿದೆ. ಯಾವ ಗುರಿಗಾಗಿ ತಿದ್ದಬೇಕೆಂಬ ವಿವೇಕವೇ ಇನ್ನು ಮುಂದೆ ಸಮಾಜಗಳ ನಡುವಿನ ಅಂತರವನ್ನು ನಿರ್ಧರಿಸಲಿದೆ. ಅಣು ಒಂದೇ ರೂಪದ್ದಾಗಿರುವಲ್ಲಿ ಇಳುವರಿಯನ್ನು ಹೆಚ್ಚಿಸುವುದು, ಅಣುವಿನ ಆಕಾರವೇ ಔಷಧವಾಗಿರುವಲ್ಲಿ ಗುಣವನ್ನು ಮೊದಲಿಟ್ಟು ಇಳುವರಿಯನ್ನು ಅದರ ಹಿಂದೆ ನಿಲ್ಲಿಸುವುದು, ಎರಡೂ ಸಂದರ್ಭಗಳಲ್ಲಿ ಸುತ್ತಲಿನ ಜನರ ಸುರಕ್ಷತೆಯನ್ನು ಬೆಲೆಯ ಭಾಗವಾಗಿ ಎಣಿಸುವುದು, ಇವು ಆ ವಿವೇಕದ ಮೂರು ಷರತ್ತುಗಳು. ಸಂಶೋಧಕರೂ ವೈದ್ಯರೂ ಕಾರ್ಖಾನೆಗಳೂ ಕಾರ್ಮಿಕರೂ ಇಷ್ಟು ಹತ್ತಿರ ಹತ್ತಿರ ಇರುವ ಥಾಣೆ–ನವಿ ಮುಂಬಯಿಯಲ್ಲಿ ಈ ಷರತ್ತುಗಳನ್ನು ಜಾರಿಗೆ ತರಲಾಗದಿದ್ದರೆ ದೇಶದ ಬೇರೆಲ್ಲೂ ಅದು ಸುಲಭವಾಗದು. ಇಲ್ಲಿ ಸಾಧ್ಯವಾದರೆ, ರಕ್ತದ ಲೆಕ್ಕವನ್ನು ಆಧರಿಸಿದ ಖರೀದಿ ಮತ್ತು ಪರೀಕ್ಷೆಯ ಕ್ರಮವನ್ನು ಇತರ ರಾಜ್ಯಗಳು ಅನುಸರಿಸದಿರಲು ಕಾರಣ ಉಳಿಯುವುದಿಲ್ಲ.